ಮಜ್ಜಿಗೆ ಮುದ್ದಮ್ಮ ಹಾರಿದ ನಾಲೆ

ಸೋಮವಾರ ಬೆಳಗ್ಗೆ ಒಂಬತ್ತೂಕಾಲರ ಮದ್ದೂರು ಬಸ್ಸಿನಲ್ಲಿ, ಮುಂಬಾಗಿಲ ಪಕ್ಕದ ಸೀಟಿನ ಮೇಲೆ ಕಂಡಕ್ಟರ್ ಕನಕರಾಜುವಿನ ಚೀಲ ಕೂತಿರುತ್ತಿತ್ತು. ಶೋಭಾರಾಣಿ ಟೀಚರು ಮೆಟ್ಟಿಲ ಮೇಲೆ ಕಾಲಿಟ್ಟ ಕೂಡಲೇ ಚೀಲ ಎದ್ದು ಅವನ ಹೆಗಲೇರುತ್ತಿತ್ತು. ಆ ಹೊತ್ತಿಗೆ ಮಳವಳ್ಳಿ ಬಿಡುವ ಬಸ್ಸಿನಲ್ಲಿ ಒಂಟಿಕಾಲು ಊರಲೂ ಜಾಗವಿರುವುದಿಲ್ಲ. ಮೂರು ತಿಂಗಳಿಂದ ಹೀಗೇ ನಡೆದಿದ್ದರೂ ಆ ಚೀಲದ ಬಗ್ಗೆ ಇಬ್ಬರೂ ಒಂದು ಮಾತೂ ಆಡಿರಲಿಲ್ಲ.

ಆಡುತ್ತಿದ್ದ ಮಾತು ಬೇರೆ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಕೊಡುವ ಸೊನ್ನೆ ರೂಪಾಯಿಯ ಟಿಕೇಟು ಹರಿದು ಕೈಗಿಡುತ್ತಾ ಕನಕರಾಜು ವಾರವಾರವೂ ಅದನ್ನೇ ಹೇಳುತ್ತಿದ್ದ.

“ತಗಳಿ ಮಿಸ್, ಸೊನ್ನೆ. ಐಸ್ಕೂಲಲ್ಲಿ ನೀವ್ ನಂಗೆ ಕೊಟ್ಟವಲ್ಲ, ಅವ್ನೇ ಒಂದೊಂದಾಗಿ ವಾಪಸ್ ಕೊಡ್ತಾ ಇವ್ನಿ.”

“ಇನ್ನೂ ಎಷ್ಟು ಉಳಿದಿವೆಯೋ?”

“ನಾನ್ ರಿಟೈರ್ ಆಗಗಂಟ ಅವೆ.”

ಕನಕರಾಜು ಈಗ ನಲವತ್ತು ದಾಟಿದವನು, ಮೀಸೆಯ ತುದಿ ನರೆತಿದೆ. ಟೀಚರ ಕಣ್ಣಿಗೆ ಮಾತ್ರ ಅವನಿನ್ನೂ ಹಿಂದಿನ ಬೆಂಚಿನ ಹುಡುಗ. ಮೂವತ್ತಮೂರು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳಿದ ಶೋಭಾರಾಣಿಯವರಿಗೆ ಮಕ್ಕಳು ಇಟ್ಟ ಹೆಸರು ‘ಇಸವಿ ಮಿಸ್’. ರಾಜನ ಹೆಸರು ತಪ್ಪಿದರೆ ಕ್ಷಮಿಸಿಯಾರು, ಇಸವಿ ತಪ್ಪಿದರೆ ಬೆಂಚಿನ ಮೇಲೆ ನಿಲ್ಲಿಸುವರು. ಆ ಹೆಸರು ತಮಗೆ ಗೊತ್ತಿಲ್ಲವೆಂಬಂತೆ ಅವರು ಇರುತ್ತಿದ್ದರು. ಒಳಗೊಳಗೇ ಅದರ ಬಗ್ಗೆ ಒಂದಿಷ್ಟು ಹೆಮ್ಮೆಯೂ ಇತ್ತು.

ನಿವೃತ್ತರಾಗಿ ಎಂಟು ವರ್ಷದ ಮೇಲೆ, ಅರವತ್ತೆಂಟನೆಯ ವಯಸ್ಸಿನಲ್ಲಿ, ಅವರು ಫೇಸ್‌ಬುಕ್ಕಿನಲ್ಲಿ ಒಂದು ಪುಟ ತೆರೆದು ಚಿತ್ರಸಹಿತ ಐತಿಹಾಸಿಕ ಧಾರಾವಾಹಿ ಶುರುಮಾಡಿದ್ದರು. ಹೆಸರು ‘ಮಜ್ಜಿಗೆ ಮುದ್ದಮ್ಮ’. ಇನ್ನೂರು ಚಿಲ್ಲರೆ ವರ್ಷದ ಹಿಂದಿನ ಯುದ್ಧಗಳ ಕಾಲ. ಕಿರುಗಾವಲಿನ ಮುದ್ದಮ್ಮ ಎಂಬ ಹೆಂಗಸು ಮಜ್ಜಿಗೆ ಮಾರುವ ನೆವದಲ್ಲಿ, ಬಿದಿರಿನ ಕೊಳವೆಯೊಳಗೆ ಮೇಣ ಹಾಕಿ ಮುಚ್ಚಿದ ಗುಟ್ಟಿನ ಓಲೆಗಳನ್ನು ಗಡಿಗೆಯಲ್ಲಿ ಮುಳುಗಿಸಿಕೊಂಡು ಮಳವಳ್ಳಿಗೆ ತಲುಪಿಸುತ್ತಾಳೆ. ಯುದ್ಧ ನಿಜ; ಮುದ್ದಮ್ಮ, ಮಜ್ಜಿಗೆ, ಓಲೆ ಎಲ್ಲ ಟೀಚರ ಕಟ್ಟುಕತೆ. ಭಾನುವಾರ ಬೆಳಗ್ಗೆ ಏಳಕ್ಕೆ ಒಂದು ಕಂತು, ಕಂತಿಗೊಂದು ಚಿತ್ರ. ಓದುವವರು ನಾಲ್ಕು ಸಾವಿರದಷ್ಟು ಜನ. ಅವರಲ್ಲಿ ಮುಕ್ಕಾಲು ಪಾಲು ಒಂದಲ್ಲ ಒಂದು ಕಾಲದಲ್ಲಿ ಟೀಚರ ತರಗತಿಯಲ್ಲಿ ಬೆಂಚು ಹತ್ತಿ ನಿಂತವರೇ.

ಚಿತ್ರ ಬರೆಯುವವಳು ತೂಬಾ. ಮದ್ದೂರಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವ ನಜೀರ್ ಅಹ್ಮದರ ಮಗಳು. ಟೀಚರು ಕೊನೆಯ ವರ್ಷಗಳಲ್ಲಿ ಮದ್ದೂರಿನಲ್ಲಿದ್ದಾಗ ಅವರ ಶಿಷ್ಯೆಯಾಗಿದ್ದಳು. ಚರಿತ್ರೆ ನೋಟುಪುಸ್ತಕದ ಹಿಂದಿನ ಹಾಳೆಗಳಲ್ಲಿ ರಾಜರಿಗಿಂತ ಅವರ ಆನೆಗಳನ್ನು ಚೆನ್ನಾಗಿ ಬರೆಯುತ್ತಿದ್ದಳು. ಈಗ ಮಂಡ್ಯದಲ್ಲಿ ಬಿ.ಎಡ್. ಓದುತ್ತಿದ್ದಾಳೆ. ಸೋಮವಾರ, ಬುಧವಾರ ಅವಳಿಗೆ ಮಧ್ಯಾಹ್ನದ ಮೇಲೆ ಕ್ಲಾಸು. ಅದಕ್ಕೇ ಟೀಚರು ಸೋಮವಾರ ಬೆಳಗ್ಗೆ ಕೈಬರಹದ ಕಂತನ್ನು ತಾವೇ ಒಯ್ದು ಕೊಡುವರು. ತೂಬಾ ದೊಡ್ಡ ಡ್ರಾಯಿಂಗ್ ಹಾಳೆಯ ಮೇಲೆ ಬಣ್ಣದಲ್ಲಿ ಬರೆದು ಶನಿವಾರ ಅದರ ಫೋಟೋ ಕಳಿಸುವಳು.

ಮೊದಲನೆಯ ಕಂತಿನಲ್ಲೇ ಒಂದು ಸಣ್ಣ ಎಡವಟ್ಟಾಗಿತ್ತು. ಮುದ್ದಮ್ಮ ಬಲಗೈಯಲ್ಲಿ ಸೌಟು ಹಿಡಿದು ಮಜ್ಜಿಗೆ ಹೊಯ್ಯುತ್ತಾಳೆಂದು ಟೀಚರು ಬರೆದಿದ್ದರು. ಚಿತ್ರದಲ್ಲಿ ಸೌಟು ಎಡಗೈಯಲ್ಲಿತ್ತು. ತೂಬಾ ತಾನೇ ಎಡಗೈಯವಳು. ಪ್ರಪಂಚವೆಲ್ಲ ಎಡಗೈಯಲ್ಲೇ ಕೆಲಸ ಮಾಡುತ್ತದೆ ಎಂದು ಅವಳ ಕುಂಚಕ್ಕೆ ಅನ್ನಿಸಿರಬೇಕು. ಟೀಚರು ಚಕಾರವೆತ್ತದೆ ತಮ್ಮ ಬರಹದಲ್ಲಿ ‘ಬಲ’ ಹೊಡೆದು ‘ಎಡ’ ಮಾಡಿದರು. ಐದನೆಯ ಕಂತಿನಲ್ಲಿ ಕಾವಲಿನವನು ಮುದ್ದಮ್ಮನನ್ನು ಗುರುತು ಹಿಡಿದದ್ದೇ ಎಡಗೈಯಿಂದ. ‘ಮೊದಲ ಕಂತಿನಲ್ಲೇ ಎಂಥ ಯೋಚನೆ ಇಟ್ಟಿದ್ದಿರಿ ಮಿಸ್!’ ಎಂದು ಜನ ಹೊಗಳಿದರು. ಟೀಚರು ಆ ಹೊಗಳಿಕೆಯನ್ನು ಸದ್ದಿಲ್ಲದೆ ನುಂಗಿಕೊಂಡರು.

ಇನ್ನೊಂದು ಹೊಗಳಿಕೆ ಮಾತ್ರ ಅವರು ಟಿಪ್ಪಣಿ ಬರೆದು ಕೇಳಿ ಪಡೆದದ್ದು. ಎರಡನೆಯ ಕಂತಿನಲ್ಲಿ ಮುದ್ದಮ್ಮ ಸಾರು ಮಾಡುತ್ತಾಳೆ. ಆ ಕಂತಿನ ಕೆಳಗೆ ಅರ್ಧ ಪುಟದ ಟಿಪ್ಪಣಿ: ಸಾರಿಗೆ ಟೊಮೆಟೊ ಏಕೆ ಹಾಕಿಲ್ಲ, ಆ ಕಾಲಕ್ಕೆ ಅದು ನಮ್ಮ ಅಡುಗೆಮನೆಗೆ ಏಕೆ ಬಂದಿರಲಿಲ್ಲ, ಚರಿತ್ರೆ ಬರೆಯುವವರು ಇಂಥದ್ದರಲ್ಲಿ ಎಷ್ಟು ಎಚ್ಚರದಿಂದಿರಬೇಕು. ಅವರ ತಂಗಿ ಪುಷ್ಪಾ ಅದನ್ನು ಓದಿ, “ಸಾರು ಇಳಿಸೋ ಹೊತ್ತಿಗೆ ಪಾಠ ಶುರುವಾಯ್ತಲ್ಲ ಕಣೇ ಅಕ್ಕ,” ಎಂದಿದ್ದಳು.

ಈ ಸೋಮವಾರ ಬಸ್ಸು ಹತ್ತುವಾಗ ಟೀಚರು ಗೆಲುವಾಗಿದ್ದರು. ಹಿಂದಿನ ದಿನ ಹಾಕಿದ ಹನ್ನೊಂದನೆಯ ಕಂತಿಗೆ ಹಿಂದೆಂದೂ ಬರದಷ್ಟು ಮಾತು ಬಂದಿತ್ತು. ಮುದ್ದಮ್ಮನ ಗುಟ್ಟು ಬಯಲಾಗಿ ಕುದುರೆ ಸವಾರರು ಬೆನ್ನು ಹತ್ತುತ್ತಾರೆ. ಓಡಿ ಓಡಿ ದಾರಿ ಮುಗಿದಾಗ, ‘ಗಡಿಗೆಯನ್ನು ಎದೆಗೆ ಅವುಚಿಕೊಂಡು ಮುದ್ದಮ್ಮ ತುಂಬಿ ಹರಿಯುವ ನಾಲೆಗೆ ಹಾರಿದಳು’ ಎಂಬಲ್ಲಿಗೆ ಕಂತು ನಿಂತಿತ್ತು. ‘ಮಿಸ್, ಒಂದು ವಾರ ಅವಳನ್ನು ನೀರಿನಲ್ಲೇ ಬಿಡ್ತೀರಾ, ನೆಗಡಿಯಾಗುತ್ತೆ’ ಎಂದು ಯಾರೋ ಬರೆದಿದ್ದರು.

ಕನಕರಾಜು ಟಿಕೇಟು ಕೊಟ್ಟ. ಸೊನ್ನೆಯ ಮಾತೆತ್ತಲಿಲ್ಲ. ಟೀಚರಿಗೆ ಆಗಲೇ ಏನೋ ಅನುಮಾನವಾಯಿತು. ಎಲ್ಲರ ಟಿಕೇಟು ಮುಗಿಸಿಕೊಂಡು ಬಂದು ಅವನು ಅವರ ಸೀಟಿನ ಪಕ್ಕದ ಕಂಬಿ ಹಿಡಿದು ನಿಂತ.

“ಮಿಸ್, ಒಂದ್ ಮಾತು. ಬೇಜಾರ್ ಮಾಡ್ಕಬಾರ್ದು.”

“ಏನೋ? ಬಸ್ಸು ಮದ್ದೂರಿಗೆ ಹೋಗಲ್ವಾ?”

“ಬಸ್ಸು ಓಯ್ತದೆ. ಮುದ್ದಮ್ಮ ಓಗಂಗಿಲ್ಲ.”

“ಯಾಕೆ?”

ಕನಕರಾಜು ಬಗ್ಗಿ ದನಿ ತಗ್ಗಿಸಿದ. ಅವನ ತಾತ ಕರಿಸಿದ್ದಯ್ಯನಿಗೆ ತೊಂಬತ್ತಮೂರು ವರ್ಷ. ಕಣ್ಣು ಮಂಜು, ಕಿವಿ ಚುರುಕು. ಪ್ರತಿ ಭಾನುವಾರ ಮೊಮ್ಮಗ ಕಂತನ್ನು ಗಟ್ಟಿಯಾಗಿ ಓದಿ ಹೇಳಬೇಕು, ಅಜ್ಜ ಎಲೆಯಡಿಕೆ ಹಾಕಿಕೊಂಡು ಕೇಳಬೇಕು.

“ನಿನ್ನೆ ಓದಿ ಮುಗುಸ್ದೆ ಮಿಸ್. ಮುದ್ದಮ್ಮ ನಾಲೆಗೆ ಆರಿದ್ಲು ಅಂದೆ. ತಾತ ಎಲಡ್ಕೆ ಅಗಿಯಾದ್ ನಿಲ್ಲುಸ್ಬುಟ್ಟು, ‘ಲೇ ಕನಕ, ಅವ್ಳು ಆರಿದ್ದು ಸರಿ ಕಣ್ಲಾ, ಬಿದ್ದಿದ್ದು ಯಾವುದ್ರೊಳಕೆ?’ ಅಂತು. ನಾಲೆಗೆ ಕಣ್ ತಾತ ಅಂದೆ. ‘ಆ ನಾಲೆಯ ನಮ್ಮಪ್ಪ ಮಕ್ರೀಲಿ ಮಣ್ಣೊತ್ತು ತೋಡಿದ್ದು ಕಣ್ಲಾ. ನಮ್ಮಪ್ಪ ಇನ್ನೂ ಉಟ್ಟೇ ಇಲ್ಲ, ಅವ್ಳು ಎಂಗ್ಲಾ ಬಿದ್ಲು?’ ಅಂತು.”

ಬಸ್ಸು ಯಾವುದೋ ಹಂಪಿನ ಮೇಲೆ ಎತ್ತಿ ಹಾಕಿತು. ಟೀಚರ ಕೈಯಲ್ಲಿದ್ದ ಹನ್ನೆರಡನೆಯ ಕಂತು ತೊಡೆಯಿಂದ ಜಾರಿತು. ಕನಕರಾಜು ಎತ್ತಿಕೊಟ್ಟ.

ಅಣೆಕಟ್ಟು ಕಟ್ಟಿ, ನಾಲೆ ತೋಡಿ, ಈ ಸೀಮೆಗೆ ಕಾವೇರಿಯ ನೀರು ಹರಿದು ಇನ್ನೂ ನೂರು ವರ್ಷ ತುಂಬಿಲ್ಲ. ಆ ಇಸವಿ ಟೀಚರ ನಾಲಿಗೆಯ ತುದಿಯಲ್ಲಿತ್ತು. ಮೂವತ್ತಮೂರು ವರ್ಷ ಅದನ್ನು ಕರಿಹಲಗೆಯ ಮೇಲೆ ಬರೆದು ಎರಡು ಗೆರೆ ಎಳೆದಿದ್ದರು. ಕಿಟಕಿಯಾಚೆ ನೋಡಿದರು. ರಸ್ತೆಯ ಪಕ್ಕದಲ್ಲೇ ನಾಲೆ, ಎರಡೂ ಕಡೆ ಭತ್ತ, ಕಬ್ಬು. ಹುಟ್ಟಿದಾಗಿನಿಂದ ನೋಡಿದ್ದು ಅದೇ. ಮುದ್ದಮ್ಮನನ್ನು ಇನ್ನೂರು ವರ್ಷ ಹಿಂದಕ್ಕೆ ಕಳಿಸುವಾಗ ಅವಳ ರವಿಕೆ ತೆಗೆಸಿದ್ದರು, ಬಳೆ ಬದಲಾಯಿಸಿದ್ದರು, ಸಾರಿನಿಂದ ಟೊಮೆಟೊ ಆರಿಸಿ ಎಸೆದಿದ್ದರು. ನಾಲೆಯನ್ನು ಮಾತ್ರ ಹಾಗೇ ಬಿಟ್ಟಿದ್ದರು. ಆಕಾಶವನ್ನು ಯಾರಾದರೂ ಬದಲಾಯಿಸುತ್ತಾರೆಯೇ?

“ನೀನು ಹನ್ನೊಂದು ಕಂತೂ ಓದಿದೀಯ. ನಿನಗೂ ಹೊಳೀಲಿಲ್ವೇನೋ?”

“ಎಲ್ ಒಳೀತದೆ ಮಿಸ್. ಇಸ್ವಿ ಗೊತ್ತು. ನಾಲೆ ಇಲ್ದಿದ್ ಮಂಡ್ಯ ಗೊತ್ತಿಲ್ವಲ್ಲ.” ಅವನು ಕತ್ತು ಕೆರೆದುಕೊಂಡ. “ಆ ಇಸ್ವಿ ನಾನ್ ಮರೆಯಾಕಿಲ್ಲ ಬುಡಿ. ಒಂಬತ್ನೇ ಕ್ಲಾಸಲ್ಲಿ ಅದ್ನೇ ತಪ್ ಏಳಿ ಬೆಂಚ್ ಮೇಲ್ ನಿಂತಿದ್ದೆ. ಬೆಲ್ ಒಡೀತು, ನೀವು ‘ಕೂತ್ಕೋ’ ಅನ್ನಾದ್ ಮರ್ತು ಸ್ಟಾಫ್ ರೂಮ್‌ಗೆ ಓಗ್ಬುಟ್ರಿ. ಲೆಕ್ಕದ್ ಮೇಷ್ಟ್ರು ಬಂದು ‘ಯಾಕ್ಲಾ ನಿಂತಿದೀಯ’ ಅಂದ್ರು. ‘ಮಿಸ್ ಇನ್ನೂ ಕೂತ್ಕೋ ಅಂದಿಲ್ಲ ಸಾ’ ಅಂದೆ. ‘ಅವ್ರ್ ಏಳಗಂಟ ನಿಂತಿರು’ ಅಂದ್ಬುಟ್ಟು ಪಾಠ ಮಾಡುದ್ರು.”

“ಅಯ್ಯೋ! ಯಾವಾಗ ಕೂತೆ ಮತ್ತೆ?”

“ಊಟದ್ ಬೆಲ್‌ಗೆ.”

ಟೀಚರಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಕನಕರಾಜು ನೆಟ್ಟಗೆ ನಿಂತು ಸೀಟಿ ಊದಿ, ಮತ್ತೆ ಬಗ್ಗಿದ.

“ಕಾಮೆಂಟಲ್ಲಿ ಆಕ್ಲಿಲ್ಲ ಮಿಸ್. ನಾಕ್ ಸಾವ್ರ ಜನ ನೋಡ್ತರೆ. ಅದ್ಕೇ ಬಸ್ಸಲ್ಲೇ ಏಳವಾ ಅಂತ.”

ಮದ್ದೂರಿನಲ್ಲಿ ಇಳಿದ ಟೀಚರು ತೂಬಾಳ ಮನೆಯ ಕಡೆ ನಾಲ್ಕು ಹೆಜ್ಜೆ ಇಟ್ಟು ನಿಂತರು. ಹುಡುಗಿ ಹನ್ನೊಂದು ಚಿತ್ರ ಬರೆದಿದ್ದಾಳೆ. ಮೂರನೆಯ ಕಂತಿನಲ್ಲಿ ಮುದ್ದಮ್ಮ ನಾಲೆಯ ಪಕ್ಕ ಬಚ್ಚಿಟ್ಟುಕೊಳ್ಳುತ್ತಾಳೆ, ಏಳರಲ್ಲಿ ಗಡಿಗೆ ಬೋರಲು ಹಾಕಿಕೊಂಡು ನಾಲೆಯಲ್ಲಿ ತೇಲುತ್ತಾಳೆ, ಹನ್ನೊಂದರಲ್ಲಿ ಹಾರುತ್ತಾಳೆ. ಪರೀಕ್ಷೆಗೆ ಓದುವುದು ಬಿಟ್ಟು ಬರೆದ ಚಿತ್ರಗಳು. ಅವನ್ನೆಲ್ಲ ಹರಿದು ಹಾಕು ಎಂದು ಯಾವ ಬಾಯಿಂದ ಹೇಳುವುದು? ‘ತಲೆನೋವು ಮಗಳೇ, ಬುಧವಾರ ಬರುತ್ತೇನೆ’ ಎಂದು ಫೋನಿನಲ್ಲಿ ಬರೆದು, ಬಂದ ಬಸ್ಸಿಗೇ ಹಿಂದಕ್ಕೆ ಹತ್ತಿದರು. ಕನಕರಾಜು ಚೀಲ ಎತ್ತಿದ.

ಮನೆಯಲ್ಲಿ ಪುಷ್ಪಾ ಅವರೆಕಾಯಿ ಸುಲಿಯುತ್ತಿದ್ದಳು. ನಾಲ್ಕು ವರ್ಷದ ಹಿಂದೆ ದಾದಿ ಕೆಲಸದಿಂದ ನಿವೃತ್ತಳಾಗಿ ಅಕ್ಕನ ಜೊತೆ ಇರಲು ಬಂದವಳು. ಸುದ್ದಿ ಕೇಳಿ ಅವರೆಕಾಯಿಯ ಮೊರ ಪಕ್ಕಕ್ಕಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

“ಟೊಮೆಟೊ ಹಿಡಿದೆ, ನಾಲೆ ಬಿಟ್ಟೆಯಲ್ಲ ಕಣೇ ಅಕ್ಕ! ಬೆರಳಷ್ಟಿರೋದು ಕಾಣಿಸ್ತು, ಹತ್ತಾರು ಮೈಲಿ ಉದ್ದ ಇರೋದು ಕಾಣಿಸ್ಲಿಲ್ಲ!”

“ನಗಬೇಡ ಪುಷ್ಪಾ. ಮೂವತ್ತಮೂರು ವರ್ಷದ ಮಕ್ಕಳೆಲ್ಲ ಆ ಪುಟದಲ್ಲಿ ಕೂತಿದ್ದಾರೆ. ಇಸವಿ ಮಿಸ್ಸೇ ಇಸವಿ ತಪ್ಪಿದ್ರು ಅಂತಾರೆ. ನಾನು ಹೇಳಿಕೊಟ್ಟ ಯಾವುದನ್ನು ಇನ್ನು ನಂಬ್ತಾರೆ?”

ಪುಷ್ಪಾಳ ನಗು ನಿಂತಿತು. ಕೈಯೊರೆಸಿಕೊಂಡು ಅಕ್ಕನ ಫೋನು ತೆಗೆದುಕೊಂಡಳು.

“ಅಳಬೇಡ ಸುಮ್ನಿರು. ಇಲ್ಲಿ ನೋಡು, ಹಾಕಿದ್ದನ್ನ ತಿದ್ದಬಹುದು. ನಾಲೆ ಇರೋ ಕಡೆಯೆಲ್ಲ ಹಳ್ಳ ಅಂತ ಮಾಡು. ಗೊತ್ತಿರೋದು ಕನಕರಾಜಂಗೆ, ಅವನ ತಾತಂಗೆ. ಅವರೇನು ತಮಟೆ ಹೊಡೀತಾರಾ?”

ಇಬ್ಬರೂ ಕೂತು ಎಣಿಸಿದರು. ಹನ್ನೊಂದು ಕಂತಿನಲ್ಲಿ ‘ನಾಲೆ’ ನಲವತ್ತೊಂದು ಸಲ ಬಂದಿತ್ತು. ಟೀಚರು ಮೂರನೆಯ ಕಂತಿನ ಮೊದಲ ಎರಡನ್ನು ತಿದ್ದಿದರು. ಮೂರನೆಯದರ ಮೇಲೆ ಬೆರಳು ನಿಂತಿತು. ಪದಕ್ಕೇನೋ ತಿದ್ದುಪಡಿ ಉಂಟು; ಚಿತ್ರಕ್ಕೆ? ಹೆಬ್ಬೆಟ್ಟಿನಗಲದ ಪರದೆಯಲ್ಲಿ ಅವರ ಕಣ್ಣಿಗೆ ಕಂಡದ್ದು ನೀಲಿ ನೀರು, ಹಸಿರು ದಡ, ಗಡಿಗೆ, ಅಷ್ಟೇ. ಪಠ್ಯದಲ್ಲಿ ಹಳ್ಳ, ಚಿತ್ರದಲ್ಲಿ ನಾಲೆ ಎಂದಾದರೆ ಜನ ತಪ್ಪು ಹುಡುಗಿಯದು ಎಂದುಕೊಳ್ಳುತ್ತಾರೆ. ತಿದ್ದಿದ ಎರಡನ್ನೂ ಮತ್ತೆ ನಾಲೆ ಮಾಡಿ ಫೋನು ಮುಚ್ಚಿಟ್ಟರು.

ಬುಧವಾರ ಬೆಳಗ್ಗೆ ಮದ್ದೂರಿಗೆ ಹೋದರು. ನಜೀರ್ ಅಹ್ಮದರ ವರ್ಕ್‌ಶಾಪು ಮನೆಗೆ ಅಂಟಿಕೊಂಡೇ ಇದೆ. ಕಬ್ಬಿಣ ಉಜ್ಜುವ ಯಂತ್ರದ ಕರ್ಕಶ ಸದ್ದು ಬೀದಿಯ ತುದಿಗೇ ಕೇಳಿಸುತ್ತಿತ್ತು. ಟೀಚರು ಬಾಗಿಲಿಗೆ ಬಂದ ಕೂಡಲೇ ನಿಂತಿತು. ಮೂರು ತಿಂಗಳೂ ಹೀಗೇ ಆಗುತ್ತಿತ್ತು. ತಾವು ಬರುವ ಹೊತ್ತಿಗೆ ಸರಿಯಾಗಿ ಅವರು ಚಹಾಕ್ಕೆ ಏಳುತ್ತಾರೆಂದೇ ಟೀಚರು ತಿಳಿದಿದ್ದರು. ಇವತ್ತು ತಿರುಗಿ ನೋಡಿದರೆ ನಜೀರ್ ಅಹ್ಮದರು ಚಹಾವಿಲ್ಲ ಏನಿಲ್ಲ, ಯಂತ್ರದ ಮುಂದೆ ಸುಮ್ಮನೆ ಕೂತು ನಟ್ಟು ಬೋಲ್ಟು ಆರಿಸುತ್ತಿದ್ದರು. ಟೀಚರು ಮಾತಾಡಿ ಹೋಗುವ ತನಕ ಸದ್ದು ಬೇಡವೆಂದು.

ಒಳಗೆ ತೂಬಾಳ ತಾಯಿ ಶಮೀಮ್ ಬಾನು ಚಹಾ, ಖಾರದ ಬಿಸ್ಕತ್ತು ತಂದಿಟ್ಟರು. “ತಲೆನೋವು ಹೋಯ್ತಾ ಮಿಸ್? ಇವಳು ಸೋಮವಾರದಿಂದ ಅದೇ ಕೇಳ್ತಾ ಅವಳೆ.”

ಟೀಚರು ಬಿಸ್ಕತ್ತು ಮುಟ್ಟಲಿಲ್ಲ. ತಲೆನೋವು ಸುಳ್ಳೆಂದು ಮೊದಲು ಒಪ್ಪಿಕೊಂಡು, ಆಮೇಲೆ ಕರಿಸಿದ್ದಯ್ಯನ ಪ್ರಶ್ನೆಯನ್ನು ಹೇಳಿದರು. ಹೇಳುವಾಗ ತೂಬಾಳ ಮುಖ ನೋಡಲಿಲ್ಲ, ಬಿಸ್ಕತ್ತಿನ ತಟ್ಟೆ ನೋಡುತ್ತಿದ್ದರು.

“ತಪ್ಪು ನನ್ನದು ಮಗಳೇ. ನಾನು ಬರೆದೆ, ನೀನು ಬರೆದೆ. ನಿನ್ನ ಮೂರು ಚಿತ್ರ ಹಾಳು ಮಾಡಿದೆ.”

ತೂಬಾ ಎದ್ದು ಬೀರುವಿನ ಮೇಲಿಂದ ದೊಡ್ಡ ರಟ್ಟಿನ ಕಟ್ಟು ಇಳಿಸಿದಳು. ಮೂರು ಹಾಳೆಗಳನ್ನು ಚಾಪೆಯ ಮೇಲೆ ಹರಡಿದಳು. ಟೀಚರು ಕನ್ನಡಕ ಒರೆಸಿಕೊಂಡು ಬಗ್ಗಿದರು. ಅಸಲು ಚಿತ್ರಗಳನ್ನು ಅವರು ನೋಡುತ್ತಿದ್ದದ್ದು ಇದೇ ಮೊದಲು.

ಮುದ್ದಮ್ಮ ಬಚ್ಚಿಟ್ಟುಕೊಂಡ ದಡ ಸೊಟ್ಟಗಿತ್ತು. ನೀರು ಹಾವಿನಂತೆ ಎರಡು ಸಲ ತಿರುಗಿ, ಬಂಡೆ ಬಳಸಿ, ಹೊಂಗೆ ಮರದ ಬೇರಿನ ಕೆಳಗೆ ನುಸುಳಿತ್ತು. ಏಳನೆಯ ಚಿತ್ರದಲ್ಲಿ ಅವಳು ತೇಲುವ ಕಡೆ ಲಕ್ಕಿ ಗಿಡದ ಪೊದೆ, ಮರಳಿನ ದಿಬ್ಬ. ಹನ್ನೊಂದರಲ್ಲಿ ಮುದ್ದಮ್ಮ ಗಾಳಿಯಲ್ಲಿದ್ದಾಳೆ, ಗಡಿಗೆ ಎಡಗೈಯಲ್ಲಿದೆ, ಕೆಳಗೆ ಬಂಡೆಗಳ ನಡುವೆ ನೊರೆಗಟ್ಟಿದ ಕಿರಿದಾದ ನೀರು. ನೇರವಾದ ಏರಿಯಿಲ್ಲ, ಏರಿಯ ಮೇಲೆ ದಾರಿಯಿಲ್ಲ, ಕಲ್ಲುಕಟ್ಟಡವಿಲ್ಲ. ದೂರದ ಹೊಲಗಳಲ್ಲಿ ಕಬ್ಬಿಲ್ಲ, ರಾಗಿಯ ತೆನೆ.

ಟೀಚರು ಆ ನೊರೆಯ ಮೇಲೆ ಬೆರಳಿಟ್ಟರು.

“ಇದು ಹಳ್ಳ.”

“ಹೌದು ಮಿಸ್.”

“ಮೂರನೇ ಕಂತಿನಿಂದಲೂ ಹಳ್ಳವೇ.”

“ಹೌದು ಮಿಸ್.” ತೂಬಾ ದುಪಟ್ಟಾದ ಅಂಚು ಸುತ್ತತೊಡಗಿದಳು. “ನೋಡಿ ಬರೆಯೋಣ ಅಂತ ನಾಲೆ ಹತ್ರ ಹೋಗಿದ್ದೆ. ಸೇತುವೆ ಕಲ್ಲಿನ ಮೇಲೆ ಇಸವಿ ಕೆತ್ತಿತ್ತು. ಆಮೇಲೆ ಮಂಡ್ಯದ ಲೈಬ್ರರೀಲಿ ಹಳೇ ಪುಸ್ತಕ ನೋಡಿದೆ, ನಾಲೆಗೆ ಮುಂಚೆ ಈ ಕಡೆ ಏನು ಬೆಳೀತಿದ್ರು ಅಂತ.”

“ನನಗೆ ಯಾಕೆ ಹೇಳಲಿಲ್ಲ?”

“ನೀವೂ ಹೇಳಲಿಲ್ವಲ್ಲ ಮಿಸ್.”

“ಏನನ್ನ?”

“ಸೌಟು.” ತೂಬಾ ಮೆಲ್ಲಗೆ ನಕ್ಕಳು. “ನೀವು ಕೊಟ್ಟ ಹಾಳೇಲಿ ಬಲಗೈ ಅಂತಿತ್ತು. ಭಾನುವಾರ ಪುಟದಲ್ಲಿ ನೋಡಿದ್ರೆ ಎಡಗೈ. ಮತ್ತೆ ಬರೀಬೇಕಾಗುತ್ತೆ ಅಂತ ಶನಿವಾರವೆಲ್ಲ ಹೆದರಿಕೊಂಡಿದ್ದೆ. ನೀವು ಮುದ್ದಮ್ಮನನ್ನೇ ಎಡಗೈಯವಳು ಮಾಡಿದ್ರಿ. ಅದಕ್ಕೆ ನಾನೂ... ನೀವು ನಾಲೆ ಅಂತ ಬರೆದ ಕಡೆ ಹಳ್ಳ ಮಾಡಿದೆ. ಯಾವಾಗಲಾದ್ರೂ ನಿಮಗೆ ಹೊಳೆದ್ರೆ ಚಿತ್ರ ಬದಲಾಯಿಸೋ ಕೆಲಸ ಇರಬಾರದು ಅಂತ.”

ಬಾಗಿಲ ಬಳಿ ನಿಂತಿದ್ದ ಶಮೀಮ್ ಬಾನು, “ಇವಳು ಮನೇಲಿ ನನಗೆ ಮಾತ್ರ ಎಲ್ಲಾ ತಪ್ಪೂ ಹೇಳ್ತಾಳೆ ಮಿಸ್. ಉಪ್ಪು ಜಾಸ್ತಿ, ಖಾರ ಕಮ್ಮಿ,” ಎಂದರು. ಟೀಚರು ಈಗ ಬಿಸ್ಕತ್ತು ತೆಗೆದುಕೊಂಡರು. ಕೈಯಲ್ಲಿ ಏನಾದರೂ ಇರಬೇಕಾಗಿತ್ತು.

“ಈಗ ಸುಲಭ ಮಿಸ್,” ತೂಬಾ ಹಾಳೆ ಜೋಡಿಸುತ್ತಾ ಹೇಳಿದಳು. “ಪದ ತಿದ್ದಿಬಿಡಿ. ಚಿತ್ರ ಹೇಗೂ ಸರಿಯಾಗಿದೆ. ಯಾರಿಗೂ ಗೊತ್ತಾಗಲ್ಲ.”

ಸೋಮವಾರದಿಂದ ಟೀಚರು ಬೇಡಿಕೊಂಡದ್ದು ಇದನ್ನೇ. ಈಗ ಕೈಗೆ ಸಿಕ್ಕಿದಾಗ ಬೇಡವಾಯಿತು.

“ಅದೇ ಕಷ್ಟ ಮಗಳೇ. ನಾನು ತಪ್ಪಿದ್ದು ಯಾರಿಗೂ ಗೊತ್ತಾಗಲ್ಲ. ನೀನು ಸರಿ ಮಾಡಿದ್ದೂ ಯಾರಿಗೂ ಗೊತ್ತಾಗಲ್ಲ.”

“ಗೊತ್ತಾಗದಿದ್ರೆ ಪರವಾಗಿಲ್ಲ ಮಿಸ್.”

“ನಿನಗೆ ಪರವಾಗಿಲ್ಲ. ಇಷ್ಟು ವರ್ಷ ಬೇರೆಯವರ ತಪ್ಪಿಗೆ ಮಾರ್ಕು ಕತ್ತರಿಸಿದವಳಿಗೆ ಪರವಾಗಿದೆ.” ಟೀಚರು ಬಿಸ್ಕತ್ತು ಮುರಿದರು. “ಈ ವಾರ ಎರಡು ಚಿತ್ರ ಬೇಕು. ಒಂದು, ಮುದ್ದಮ್ಮ ಹಳ್ಳಕ್ಕೆ ಬಿದ್ದದ್ದು. ಮೊಣಕಾಲುದ್ದ ನೀರು ಸಾಕು. ನಾಲೆಯಾಗಿದ್ದರೆ ತೇಲಿ ಹೋಗುತ್ತಿದ್ದಳು, ಹಳ್ಳವಾದ್ದರಿಂದ ಮಂಡಿ ತರಚುತ್ತೆ. ಇನ್ನೊಂದು... ನನ್ನನ್ನು ನೋಡಿ ಬರೀತೀಯಾ?”

ಎರಡನೆಯ ಚಿತ್ರ ಏನೆಂದು ಕೇಳಿ ತೂಬಾ ಬಾಯಿಗೆ ದುಪಟ್ಟಾ ಅಡ್ಡ ಹಿಡಿದಳು. ಅಲ್ಲೇ ಪೆನ್ಸಿಲು ತಂದು ಕೂತಳು. ಪಕ್ಕದ ವರ್ಕ್‌ಶಾಪಿನಿಂದ ಇನ್ನೂ ಸದ್ದು ಬಂದಿರಲಿಲ್ಲ. “ನಿಮ್ಮ ಅಬ್ಬನಿಗೆ ಹೇಳು,” ಎಂದರು ಟೀಚರು, “ಕೆಲಸ ಶುರುಮಾಡಲಿ. ಸದ್ದಿನಲ್ಲೂ ನನಗೆ ಕೂರೋಕೆ ಬರುತ್ತೆ.”

ಗುರುವಾರದಿಂದ ಶನಿವಾರದವರೆಗೆ ಶೋಭಾರಾಣಿಯವರು ಹನ್ನೆರಡನೆಯ ಕಂತನ್ನು ಹೊಸದಾಗಿ ಬರೆದರು. ಕಂತು ಸಲೀಸಾಗಿ ಬಂತು. ಅದರ ಮೇಲೆ ಹಾಕಬೇಕಾಗಿದ್ದ ನಾಲ್ಕು ಸಾಲು ಬರಲಿಲ್ಲ. ಮೊದಲ ಸಲ ಅದು ಒಂದೂವರೆ ಪುಟವಾಗಿ, ನಾಲೆಯ ಚರಿತ್ರೆಯೆಲ್ಲ ಸೇರಿಕೊಂಡಿತು. ಪುಷ್ಪಾ ಓದಿ, “ತಪ್ಪು ಒಪ್ಕೋತಿದೀಯೋ ಪಾಠ ಮಾಡ್ತಿದೀಯೋ?” ಎಂದಳು. ಎರಡನೆಯ ಸಲ ‘ಅನಿವಾರ್ಯ ಕಾರಣಗಳಿಂದ’ ಎಂದು ಶುರುವಾಗಿತ್ತು. ಪುಷ್ಪಾ ಅದನ್ನು ಓದಲೂ ಇಲ್ಲ, “ಇದು ಬಸ್ಸು ಕ್ಯಾನ್ಸಲ್ ಆದಾಗ ಬರೆಯೋದು” ಎಂದು ವಾಪಸು ಕೊಟ್ಟಳು. ಕೊನೆಗೆ ಉಳಿದದ್ದು ಇಷ್ಟು:

‘ಮುದ್ದಮ್ಮನ ಕಾಲದಲ್ಲಿ ನಮ್ಮ ಕಡೆ ನಾಲೆ ಇರಲಿಲ್ಲ. ಇದು ನನಗೆ ಗೊತ್ತಿತ್ತು, ಆದರೂ ಮರೆತೆ. ನೆನಪಿಸಿದವರು ಆ ನಾಲೆಯನ್ನು ತೋಡಿದವರ ಮಗ ಕರಿಸಿದ್ದಯ್ಯನವರು. ಮೊದಲಿನಿಂದಲೂ ಸರಿಯಾಗಿ ಬರೆದವಳು ತೂಬಾ; ಮೂರು, ಏಳು, ಹನ್ನೊಂದನೆಯ ಚಿತ್ರಗಳನ್ನು ಇನ್ನೊಮ್ಮೆ ದೊಡ್ಡದು ಮಾಡಿ ನೋಡಿ. ಹಳೆಯ ಕಂತುಗಳನ್ನು ತಿದ್ದಿಲ್ಲ, ತಪ್ಪು ಹಾಗೇ ಇರಲಿ. ಶಿಕ್ಷೆ ಚಿತ್ರದಲ್ಲಿದೆ.’

ಚಿತ್ರದಲ್ಲಿ ಒಂದು ತರಗತಿ. ಹಿಂದಿನ ಬೆಂಚಿನ ಮೇಲೆ, ಸೀರೆಯ ಸೆರಗು ಹೊದ್ದು, ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು, ತಲೆ ತಗ್ಗಿಸಿ ಶೋಭಾರಾಣಿ ಟೀಚರು ನಿಂತಿದ್ದಾರೆ. ಕರಿಹಲಗೆಯ ಮೇಲೆ ಆ ಇಸವಿ, ಕೆಳಗೆ ಎರಡು ಗೆರೆ. ಮೇಷ್ಟರ ಕುರ್ಚಿಯಲ್ಲಿ ಮುದ್ದಮ್ಮ ಕೂತಿದ್ದಾಳೆ, ಎಡಗೈಯಲ್ಲಿ ಸೌಟನ್ನು ಬೆತ್ತದಂತೆ ಹಿಡಿದು.

ಭಾನುವಾರ ಬೆಳಗ್ಗೆ ಏಳಕ್ಕೆ ಪುಷ್ಪಾಳೇ ಅದನ್ನು ಪುಟಕ್ಕೆ ಹಾಕಿದಳು. ಟೀಚರಿಗೆ ಕೈ ಬರಲಿಲ್ಲ. ಅವರು ಒಲೆಯ ಮುಂದೆ ನಿಂತು ರವೆ ಹುರಿಯತೊಡಗಿದರು. ರವೆ ಹುರಿದಾಯಿತು. ಒಗ್ಗರಣೆಗೆ ಈರುಳ್ಳಿ ಹೆಚ್ಚಿದರು. ಹೆಚ್ಚಿದ್ದನ್ನೇ ಮತ್ತೆ ಹೆಚ್ಚಿದರು. ಪುಷ್ಪಾ ಅಡುಗೆಮನೆಯ ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ಫೋನು ಹಿಡಿದು ಕೂತಿದ್ದಳು.

“ಯಾರೂ ಏನೂ ಬರೆದಿಲ್ವಾ?” ಟೀಚರು ಬೆನ್ನು ತಿರುಗಿಸಿಯೇ ಕೇಳಿದರು.

“ಬಂದಿದೆ ತಾಳು, ಕನ್ನಡಕ ಹಾಕ್ಕೋತೀನಿ. ಮೊದಲನೇದು: ‘ಬೆಂಚ್ ಮೇಲೆ ನಿಂತರೆ ಆಗಲ್ಲ ಮಿಸ್, ನೂರು ಸಲ ಬರೀಬೇಕು.’ ಇದು ನಿನ್ನ ಬ್ಯಾಂಕಿನ ಸಿದ್ದರಾಮು. ‘ಈ ಚಿತ್ರಕ್ಕೆ ಫ್ರೇಮ್ ಹಾಕಿಸಿ ನಮ್ಮ ಬ್ಯಾಚಿನವರೆಲ್ಲ ಮನೇಲಿ ಇಟ್ಕೋತೀವಿ.’ ‘ಸೆರಗು ಹೊದ್ದಿರೋದು ಥೇಟ್ ಮಿಸ್ಸೇ.’ ಇದ್ಯಾರೋ ಮರಿತಾಯಮ್ಮ: ‘ನಮ್ಮಜ್ಜಿ ಹೇಳ್ತಿದ್ರು, ನಾಲೆಗೆ ಮುಂಚೆ ಅನ್ನ ಅಂದ್ರೆ ಹಬ್ಬಕ್ಕೆ ಮಾತ್ರವಂತೆ.’ ಕೆಳಗೆ ಇನ್ನೂ ಮೂರು ಜನ ಅವರವರ ಅಜ್ಜಿ ಹೇಳಿದ್ದು ಹಾಕಿದ್ದಾರೆ. ಇಲ್ಲೊಬ್ಬರು ತೂಬಾ ಯಾರು, ನಮ್ಮ ಶಾಲೆ ಗೋಡೆಗೆ ಹಳೇ ಕಾಲದ ಮಂಡ್ಯ ಬರೆದುಕೊಡ್ತಾಳಾ ಅಂತ ಕೇಳಿದ್ದಾರೆ.”

“ಯಾರು? ಯಾವ ಶಾಲೆ? ನಂಬರ್ ಕೊಟ್ಟಿದ್ದಾರಾ?”

“ಕೊಟ್ಟಿದ್ದಾರೆ, ಆಮೇಲೆ ನೋಡು. ಅಯ್ಯೋ, ಇನ್ನೊಬ್ಬ ಕೇಳ್ತಾನೆ: ‘ಟೊಮೆಟೊನಾದ್ರೂ ನಿಜವಾ ಮಿಸ್?’”

ಟೀಚರು ತಮಗೆ ತಿಳಿಯದಂತೆ ನಕ್ಕರು. ಒಗ್ಗರಣೆಗೆ ಸಾಸಿವೆ ಹಾಕಿದರು, ಸಿಡಿಯಿತು. ಅವರು ಯಾರ ಮಾತಿಗೆ ಕಾಯುತ್ತಿದ್ದಾರೆಂದು ಪುಷ್ಪಾಳಿಗೆ ಗೊತ್ತಿತ್ತು. ಅವಳೂ ಅದನ್ನೇ ಹುಡುಕುತ್ತಾ ಬೆರಳಾಡಿಸುತ್ತಿದ್ದಳು. ಎಂಟೂವರೆಯ ಹೊತ್ತಿಗೆ ಸಿಕ್ಕಿತು. ಒಂದು ಫೋಟೋ: ಜಗಲಿಯ ಮೇಲೆ ಕೂತ ಮುದುಕ, ಮಂಜು ಕಣ್ಣು, ಕೆಂಪು ಬಾಯಿ, ಫೋನನ್ನು ತಲೆಕೆಳಗಾಗಿ ಹಿಡಿದುಕೊಂಡು ಚಿತ್ರ ನೋಡುವವನಂತೆ ನಗುತ್ತಿದ್ದಾನೆ.

“ಕನಕರಾಜು ಬರೆದಿದ್ದಾನೆ ಕಣೇ ಅಕ್ಕ. ‘ತಾತ ಅರ್ಧ ಮಾರ್ಕು ಕಟ್ ಮಾಡಿ ಪಾಸ್ ಮಾಡೈತೆ.’”

“ಅಷ್ಟೇನಾ?”

“ಇನ್ನೊಂದು ಸಾಲಿದೆ.” ಪುಷ್ಪಾ ಕನ್ನಡಕ ಸರಿಮಾಡಿಕೊಂಡು ಓದಿದಳು. “‘ಇನ್ ಕೂತ್ಕಳಿ ಮಿಸ್.’”

ಟೀಚರು ತಿರುಗಿದರು. ಪುಷ್ಪಾ ತಲೆಯೆತ್ತಿ ಅಕ್ಕನನ್ನು ನೋಡಿದಳು. ಚಿತ್ರದಲ್ಲಿದ್ದಂತೆಯೇ ಅಕ್ಕ ಸೆರಗು ಹೊದ್ದಿದ್ದಳು, ಅವಳ ಕನ್ನಡಕ ಮೂಗಿನ ತುದಿಗೆ ಜಾರಿತ್ತು.

“ಅಲ್ಲ ಕಣೇ, ಏಳು ಗಂಟೆಯಿಂದ ನಿಂತೇ ಇದ್ದೀಯಲ್ಲ!”

ಶೋಭಾರಾಣಿ ಟೀಚರು ಒಲೆ ಆರಿಸಿದರು. ಗೋಡೆಯ ಪಕ್ಕದ ಮಣೆಯನ್ನು ಕಾಲಿನಿಂದಲೇ ಎಳೆದುಕೊಂಡು, ಮೊಣಕಾಲು ಹಿಡಿದು, ಮೆಲ್ಲಗೆ ಕೂತರು.